ಶುಚಿ ಪ್ಯಾಡಿನ ಒಡಲಲ್ಲಿ ಏನಿರಬೇಕು: ವಿಶೇಷಣ ಬರೆಯುವವರಿಗೊಂದು ಬಹಿರಂಗ ಪತ್ರ

ಗೆ,
ಶುಚಿ ಯೋಜನೆಯ ಸ್ಯಾನಿಟರಿ ನ್ಯಾಪ್‌ಕಿನ್ ಖರೀದಿಗೆ ತಾಂತ್ರಿಕ ವಿಶೇಷಣ ಸಿದ್ಧಪಡಿಸುವ ಅಧಿಕಾರಿಗಳು ಮತ್ತು ತಜ್ಞ ಸದಸ್ಯರು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ, ಕರ್ನಾಟಕ ಸರ್ಕಾರ, ಬೆಂಗಳೂರು.

ಮಾನ್ಯರೇ,

ಶಾಲೆ, ಹಾಸ್ಟೆಲ್‌ಗಳ ಹೆಣ್ಣುಮಕ್ಕಳಿಗೆ ಸರ್ಕಾರ ಉಚಿತವಾಗಿ ಪ್ಯಾಡ್ ಕೊಡಬೇಕೇ ಎಂಬ ಚರ್ಚೆ ಹಳೆಯದಾಯಿತು. ಕೊಡಬೇಕು ಎಂಬುದನ್ನು ಈಗ ಎಲ್ಲರೂ ಒಪ್ಪಿದ್ದಾರೆ. ಎಂಥ ಪ್ಯಾಡ್ ಕೊಡಬೇಕು ಎಂಬುದು ಮಾತ್ರ ಟೆಂಡರ್ ದಾಖಲೆಯ ಕೊನೆಯಲ್ಲಿ, ಅನುಬಂಧದ ಅರ್ಧ ಪುಟದಲ್ಲಿ, ಯಾರ ಗಮನಕ್ಕೂ ಬಾರದಂತೆ ತೀರ್ಮಾನವಾಗುತ್ತದೆ. ಸರ್ಕಾರಿ ಖರೀದಿಗಳಲ್ಲಿ ಸಾಮಾನ್ಯವಾಗಿ ಆ ಅರ್ಧ ಪುಟದಲ್ಲಿ ಇರುವುದು ಇಷ್ಟೇ: ಉದ್ದ ಇಷ್ಟು ಮಿಲಿಮೀಟರ್, ತೂಕ ಇಷ್ಟು ಗ್ರಾಂ, ರೆಕ್ಕೆ ಇರಬೇಕು, ಮೃದುವಾಗಿರಬೇಕು, ಸೋರಬಾರದು, ಸ್ಯಾನಿಟರಿ ಪ್ಯಾಡಿನ ಭಾರತೀಯ ಮಾನದಂಡವಾದ ಐಎಸ್ 5405ಕ್ಕೆ ಅನುಗುಣವಾಗಿರಬೇಕು. ಈ ಮಾತುಗಳಿಗೆಲ್ಲ ಹೊಂದುವ ಒಳ್ಳೆಯ ಪ್ಯಾಡನ್ನೂ ಮಾಡಬಹುದು, ಅಷ್ಟೇ ಹೊಂದುವ ಕೆಟ್ಟ ಪ್ಯಾಡನ್ನೂ ಮಾಡಬಹುದು. ಅತಿ ಕಡಿಮೆ ದರಕ್ಕೆ ಆರ್ಡರ್ ಹೋಗುವುದಾದರೆ ಯಾವುದು ಬರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಹೀರುವ ವಸ್ತುಗಳ ತಯಾರಿಕೆ ಮತ್ತು ಪರೀಕ್ಷೆಯ ಕೆಲಸ ಬಲ್ಲವರಾಗಿ, ಆ ಅರ್ಧ ಪುಟವನ್ನು ಬೇರೆ ರೀತಿಯಲ್ಲಿ ಬರೆಯಿರಿ ಎಂದು ಕೇಳಿಕೊಳ್ಳಲು ಈ ಪತ್ರ.

ಒಂದು ಪ್ಯಾಡನ್ನು ಉದ್ದಕ್ಕೆ ಕತ್ತರಿಸಿ ಬಿಡಿಸಿದರೆ ಪದರಗಳು ಕಾಣುತ್ತವೆ. ಚರ್ಮಕ್ಕೆ ತಾಗುವುದು ಮೇಲ್ಪದರ. ಇದು ತೂತು ಹೊಡೆದ ಪಾಲಿಥೀನ್ ಹಾಳೆ ಇರಬಹುದು ಅಥವಾ ಪಾಲಿಪ್ರೊಪಿಲೀನ್‌ನಿಂದ ನೇಯದೆ ಮಾಡಿದ ಬಟ್ಟೆಯಂಥ ನಾನ್‌ವೋವನ್ ಇರಬಹುದು. ಚದರ ಮೀಟರಿಗೆ 20ರಿಂದ 25 ಗ್ರಾಂ ತೂಗುತ್ತದೆ. ಅದರ ಕೆಳಗೆ ಹಂಚುಪದರ: ಒಂದೇ ಕಡೆ ಬಿದ್ದ ದ್ರವವನ್ನು ಕ್ಷಣಕಾಲ ಹಿಡಿದು ಉದ್ದಕ್ಕೆ ಹರಡುವ, ಗಾಳಿಯಾಡುವ ಸಡಿಲ ಪದರ. ಅದರ ಕೆಳಗೆ ಒಡಲು: ಮರದ ತಿರುಳಿನ ಹತ್ತಿಯಂಥ ನಾರು, ಹೆಚ್ಚಾಗಿ ಅಮೆರಿಕದ ದಕ್ಷಿಣ ರಾಜ್ಯಗಳ ಪೈನ್ ಮರದ್ದು, ಜೊತೆಗೆ ಜೆಲ್ ಪುಡಿ. ಎಲ್ಲಕ್ಕಿಂತ ಕೆಳಗೆ ನೀರು ದಾಟದ ತಳಹಾಳೆ, ಅದರ ಬೆನ್ನಿಗೆ ಅಂಟು, ಅಂಟಿನ ಮೇಲೆ ಸಿಲಿಕೋನ್ ಸವರಿದ ಕಾಗದ.

ದರ ಇಳಿಸಬೇಕಾದಾಗ ಮೊದಲು ಮಾಯವಾಗುವುದು ಹಂಚುಪದರ. ಹೊರಗಿನಿಂದ ನೋಡಿದರೆ, ಮುಟ್ಟಿದರೆ, ತೂಗಿದರೆ ಅದು ಇಲ್ಲ ಎಂಬುದು ಗೊತ್ತಾಗುವುದಿಲ್ಲ. ತೂಕ ಸರಿದೂಗಿಸಲು ಅಗ್ಗದ ತಿರುಳನ್ನು ಇನ್ನಷ್ಟು ಸೇರಿಸಿದರಾಯಿತು. ಕನಿಷ್ಠ ತೂಕ ನಿಗದಿ ಮಾಡುವ ವಿಶೇಷಣ ಈ ಕಳ್ಳದಾರಿಗೆ ಬಾಗಿಲು ತೆಗೆದಿಟ್ಟಂತೆ. ಹಂಚುಪದರವಿಲ್ಲದ ಪ್ಯಾಡಿನಲ್ಲಿ ರಕ್ತ ಬಿದ್ದ ಜಾಗದಲ್ಲೇ ನಿಂತು, ನಡುವೆ ನೆನೆದು, ಎರಡು ತುದಿಗಳು ಒಣಗಿಯೇ ಇರುತ್ತವೆ. ಪಕ್ಕದಿಂದ ಸೋರುವುದು ಪ್ಯಾಡ್ ತುಂಬಿದ್ದರಿಂದ ಎಂದು ಬಹಳ ಜನ ತಿಳಿದಿದ್ದಾರೆ. ಬಳಸಿದ ಪ್ಯಾಡನ್ನು ಬಿಡಿಸಿ ನೋಡಿದರೆ ಮುಕ್ಕಾಲು ಭಾಗ ಒಣಗಿರುವುದು ಎಷ್ಟೋ ಸಲ ಕಾಣುತ್ತದೆ.

ಜೆಲ್ ಪುಡಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಟೆಂಡರ್‌ಗಳಲ್ಲಿ ‘ಸೂಪರ್ ಅಬ್ಸಾರ್ಬೆಂಟ್ ಜೆಲ್ ಇರಬೇಕು’ ಎಂಬ ಒಂದೇ ಸಾಲಿಗೆ ಎಲ್ಲ ಮುಗಿದುಹೋಗುತ್ತದೆ. ಇದು ಸೋಡಿಯಂ ಪಾಲಿಅಕ್ರಿಲೇಟ್, ಉಪ್ಪಿನ ಹರಳಿನಂಥ ಬಿಳಿ ಪುಡಿ. ಬಟ್ಟಿ ಇಳಿಸಿದ ನೀರನ್ನಾದರೆ ತನ್ನ ತೂಕದ ನೂರಾರು ಪಟ್ಟು ಹೀರುತ್ತದೆ. ಜಾಹೀರಾತಿನಲ್ಲಿ ತೋರಿಸುವುದು ಇದನ್ನೇ. 0.9 ಶೇಕಡಾ ಉಪ್ಪುನೀರಿನಲ್ಲಿ ಆ ಶಕ್ತಿ ಕುಸಿಯುತ್ತದೆ. ನೆನೆಸಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದ ಮೇಲೆ ಒಂದು ಗ್ರಾಂ ಪುಡಿಯಲ್ಲಿ ಉಳಿಯುವುದು ಸುಮಾರು 25ರಿಂದ 40 ಗ್ರಾಂ. ಮುಟ್ಟಿನ ರಕ್ತದಲ್ಲಿ ಇನ್ನೂ ಕಡಿಮೆ, ಇನ್ನೂ ನಿಧಾನ. ಅದರಲ್ಲಿ ಉಪ್ಪಿದೆ, ಲೋಳೆಯಿದೆ, ಪ್ರೋಟೀನ್ ಇದೆ. ಜೆಲ್ ಹೀರುವುದು ನೀರಿನ ಭಾಗವನ್ನು. ಕೆಂಪು ರಕ್ತಕಣ ಜೆಲ್ಲಿನೊಳಗೆ ಹೋಗಲಾರದೆ ಅದರ ಮೈಮೇಲೆ ಮೆತ್ತಿಕೊಂಡು ಹಿಂದೆ ಬರುವ ದ್ರವಕ್ಕೆ ಅಡ್ಡವಾಗುತ್ತದೆ. ಪುಡಿಯನ್ನು ಒಂದೇ ಕಡೆ ರಾಶಿ ಹಾಕಿದ್ದರೆ ಮೇಲಿನ ಹರಳುಗಳು ಉಬ್ಬಿ ಒಂದಕ್ಕೊಂದು ಅಂಟಿ ಕೆಳಗಿನವು ಒಣಗಿಯೇ ಉಳಿಯುತ್ತವೆ. ಹೀಗಾಗಿ ‘ಜೆಲ್ ಇದೆ’ ಎಂಬುದಷ್ಟೇ ಏನನ್ನೂ ಹೇಳುವುದಿಲ್ಲ. ಎಷ್ಟಿದೆ, ಹೇಗೆ ಹರಡಿದೆ, ಒತ್ತಡ ಬಿದ್ದಾಗ ಎಷ್ಟು ಹಿಡಿದುಕೊಳ್ಳುತ್ತದೆ ಎಂಬುದನ್ನು ಕೇಳಬೇಕು. ತೆಳು ಪ್ಯಾಡಿನಲ್ಲಿ ಅರ್ಧದಿಂದ ಒಂದು ಗ್ರಾಂ ಜೆಲ್ ಸಮನಾಗಿ ಹರಡಿದ್ದರೆ ಸಾಕು. ಒಂದು ಮುಟ್ಟಿನ ಅವಧಿಯಿಡೀ ಹೋಗುವ ರಕ್ತ ಸರಾಸರಿ 30ರಿಂದ 40 ಮಿಲಿಲೀಟರ್. 80 ಮಿಲಿಲೀಟರ್ ದಾಟಿದರೆ ವೈದ್ಯರು ಅದನ್ನು ಅತಿಸ್ರಾವ ಎನ್ನುತ್ತಾರೆ. ಒಂದೇ ಪ್ಯಾಡ್ ನೂರು ಮಿಲಿಲೀಟರ್ ಹೀರಬೇಕು ಎಂದು ಕೇಳುವುದು ಅಗತ್ಯವೂ ಅಲ್ಲ, ಉಪಯೋಗವೂ ಇಲ್ಲ.

ಹಾಗಾದರೆ ಏನನ್ನು ಅಳೆಯಬೇಕು? ನಮ್ಮ ಮುಖ್ಯ ತಕರಾರು ಇಲ್ಲಿದೆ. 1980ರ ಐಎಸ್ 5405ರಿಂದ ರೂಢಿಗೆ ಬಂದ ಪರೀಕ್ಷೆ ಹೀಗೆ: ಪ್ಯಾಡಿನ ನಡುವಿಗೆ ನಿಮಿಷಕ್ಕೆ 15 ಮಿಲಿಲೀಟರ್‌ನಂತೆ 30 ಮಿಲಿಲೀಟರ್ ದ್ರವ ಹರಿಸುವುದು, ಆಮೇಲೆ ಒಂದು ಕೆ.ಜಿ. ತೂಕವನ್ನು ಒಂದು ನಿಮಿಷ ಇಡುವುದು, ಕೆಳಗಾಗಲಿ ಪಕ್ಕಕ್ಕಾಗಲಿ ಸೋರಿತೇ ಎಂದು ನೋಡುವುದು. 2019ರಲ್ಲಿ ಮಾನದಂಡ ಪರಿಷ್ಕೃತವಾಗಿ ಸೂಕ್ಷ್ಮಜೀವಿಗಳ ಪರೀಕ್ಷೆಯೂ ಸೇರಿತು, ಒಳ್ಳೆಯದೇ. ಆದರೆ ಕೆಳಗೆ, ಪಕ್ಕಕ್ಕೆ ಸೋರುವುದನ್ನು ನೋಡುವ ಪರೀಕ್ಷೆ ಕಾಪಾಡುವುದು ಸಮವಸ್ತ್ರದ ಲಂಗವನ್ನು. ಹೀರಿದ ದ್ರವ ಒತ್ತಡಕ್ಕೆ ಮತ್ತೆ ಮೇಲೆ ಬಂದು ಚರ್ಮವನ್ನು ಎಷ್ಟು ಒದ್ದೆ ಮಾಡುತ್ತದೆ ಎಂಬುದನ್ನು ಅದು ಕೇಳುವುದೇ ಇಲ್ಲ. ಉದ್ಯಮದಲ್ಲಿ ಇದಕ್ಕೆ ರೀವೆಟ್ ಎನ್ನುತ್ತಾರೆ, ಮರುತೇವ ಎನ್ನೋಣ. ಬೆಳಿಗ್ಗೆ ಮನೆ ಬಿಟ್ಟು ಸಂಜೆ ಬಸ್ಸಿಳಿಯುವವರೆಗೆ ಪ್ಯಾಡ್ ಬದಲಿಸಲು ಜಾಗ ಸಿಗದ ಹುಡುಗಿಗೆ ತೊಡೆಸಂದಿ ಕೆಂಪಾಗಿ ಉರಿಯುವುದು, ತುರಿಸುವುದು ಈ ಮರುತೇವದಿಂದ ಮತ್ತು ಅಂಚಿನ ಗಡುಸು ಪ್ಲಾಸ್ಟಿಕ್ ಉಜ್ಜುವುದರಿಂದ.

ಒಂದು ಕೆ.ಜಿ. ಭಾರದ ಲೆಕ್ಕವೂ ತೀರಾ ಉದಾರವಾಯಿತು. ಅದನ್ನು ಹತ್ತು ಸೆಂಟಿಮೀಟರ್ ಚೌಕದ ಮೇಲೆ ಇಟ್ಟರೆ ಚದರ ಸೆಂಟಿಮೀಟರಿಗೆ 10 ಗ್ರಾಂ ಒತ್ತಡ. ಕುಳಿತ ಮೈಭಾರವನ್ನು ಅನುಕರಿಸಲು ಮಕ್ಕಳ ಡೈಪರಿನ ಜೆಲ್ಲನ್ನು ಪರೀಕ್ಷಿಸುವವರು ಬಳಸುವುದು 0.7 ಪಿಎಸ್‌ಐ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 50 ಗ್ರಾಂ. ಅದೇ ಚೌಕಕ್ಕೆ ಐದು ಕೆ.ಜಿ. ಬೆಂಚಿನ ಮೇಲೋ ನೆಲದ ಮೇಲೋ ಇಡೀ ದಿನ ಕೂರುವ ಹುಡುಗಿಯ ಪ್ಯಾಡಿಗೆ ಹಸುಗೂಸಿನ ಡೈಪರಿಗಿಂತ ಹಗುರ ಪರೀಕ್ಷೆ ಏಕೆ?

ಪರೀಕ್ಷೆ ಕಷ್ಟದ್ದಲ್ಲ, ಜಿಲ್ಲಾ ಮಟ್ಟದ ಉಗ್ರಾಣದಲ್ಲೂ ಮಾಡಬಹುದು. ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಮತ್ತು ಒಂದಿಷ್ಟು ಬಣ್ಣ. ಪ್ಯಾಡನ್ನು ಸಮತಟ್ಟಾಗಿ ಅಂಟಿಸಿ, ನಡುವೆ ಎರಡೂವರೆ ಸೆಂಟಿಮೀಟರ್ ಅಗಲದ ಕೊಳವೆ ನಿಲ್ಲಿಸಿ, ಸಿರಿಂಜಿನಿಂದ 5 ಮಿಲಿಲೀಟರ್ ಬಿಟ್ಟು ದ್ರವ ಪೂರ್ತಿ ಇಳಿಯುವವರೆಗೆ ಸಮಯ ನೋಡುವುದು. ಹತ್ತು ನಿಮಿಷ ಬಿಟ್ಟು ಇನ್ನೊಂದು 5, ಮತ್ತೆ ಹತ್ತು ನಿಮಿಷ ಬಿಟ್ಟು ಮೂರನೆಯ 5. ಮೊದಲ ಸಲ ಎಲ್ಲ ಪ್ಯಾಡುಗಳೂ ಬೇಗನೇ ಕುಡಿಯುತ್ತವೆ, ಗುಣ ಬಯಲಾಗುವುದು ಮೂರನೆಯ ಸಲ. ಒಳ್ಳೆಯ ಹಂಚುಪದರ ಇರುವ ಪ್ಯಾಡಿನಲ್ಲಿ ಮೂರನೆಯ ಸಮಯ ಮೊದಲನೆಯದಕ್ಕಿಂತ ಸ್ವಲ್ಪವೇ ಹೆಚ್ಚಿರುತ್ತದೆ. ಇಲ್ಲದ್ದರಲ್ಲಿ ದ್ರವ ಕೊಳವೆಯೊಳಗೆ ಕೆರೆಯಂತೆ ನಿಂತುಬಿಡುತ್ತದೆ. ಆಮೇಲೆ ಮೊದಲೇ ತೂಗಿಟ್ಟ ಫಿಲ್ಟರ್ ಕಾಗದದ ಕಟ್ಟನ್ನು ಮೇಲಿಟ್ಟು, ಹತ್ತು ಸೆಂಟಿಮೀಟರ್ ಚೌಕದ ಹಲಗೆ ಇಟ್ಟು, ಐದು ಕೆ.ಜಿ. ಭಾರ ಹೇರಿ ಎರಡು ನಿಮಿಷ. ಕಾಗದವನ್ನು ಮತ್ತೆ ತೂಗಿದರೆ ಏರಿದ ತೂಕವೇ ಮರುತೇವ. ಒಂದು ಗ್ರಾಮಿಗಿಂತ ಹೆಚ್ಚಾದರೆ ಆ ತಂಡದ (ಬ್ಯಾಚಿನ) ಸರಕನ್ನು ತಿರುಗಿಸಿ ಕಳಿಸಿ ಎಂಬುದು ನಮ್ಮ ಸಲಹೆ. ಉಪ್ಪುನೀರು ರಕ್ತವಲ್ಲ ಎಂಬುದು ನಿಜ. ಟೆಂಡರ್‌ಗೆ ಮೊದಲಿನ ಮಾದರಿ ಪರೀಕ್ಷೆಯನ್ನು ಪ್ರಯೋಗಾಲಯದಲ್ಲಿ ರಕ್ತದಷ್ಟೇ ಮಂದವಾದ ಕೃತಕ ದ್ರವದಿಂದ ಮಾಡಿಸಿ. ಬಂದ ಸರಕು ಆ ಮಾದರಿಯಂತೆಯೇ ಇದೆಯೇ ಎಂದು ನೋಡಲು ಉಪ್ಪುನೀರು ಸಾಕು.

ಒಡಲು ಮುದ್ದೆಯಾಗುವುದು ಇನ್ನೊಂದು ದೋಷ. ಜೆಲ್ ಇಲ್ಲದ, ಬರೀ ತಿರುಳಿನ ದಪ್ಪ ಪ್ಯಾಡ್ ನಡೆದಾಡುವಾಗ ಎರಡು ತೊಡೆಗಳ ನಡುವೆ ಹಿಂಡಿಹೋಗಿ ನಡುವೆ ಹಗ್ಗದಂತಾಗುತ್ತದೆ, ಕೆಲವೊಮ್ಮೆ ತುಂಡಾಗಿ ಹಿಂದೆ ಮುಂದೆ ಎರಡು ಉಂಡೆಗಳಾಗುತ್ತವೆ. ಒಣ ಪ್ಯಾಡಿನಲ್ಲಿ ಇದು ತಿಳಿಯುವುದಿಲ್ಲ, ಏಕೆಂದರೆ ತಿರುಳಿನ ನಾರುಗಳನ್ನು ಹಿಡಿದಿಡುವ ಬಿಗಿ ನೀರು ತಾಗಿದೊಡನೆ ಸಡಿಲವಾಗುತ್ತದೆ. 10 ಮಿಲಿಲೀಟರ್ ಹೀರಿಸಿದ ಪ್ಯಾಡನ್ನು ಎರಡೂ ಪಕ್ಕದಿಂದ ಅರ್ಧ ಅಗಲಕ್ಕೆ ಒತ್ತಿ ಬಿಡುವುದನ್ನು ಐವತ್ತು ಸಲ ಮಾಡಿ ಬೆಳಕಿಗೆ ಹಿಡಿದರೆ ಬಿರುಕು ಕಾಣುತ್ತದೆ. ಸ್ವಸಹಾಯ ಸಂಘಗಳ ಸಣ್ಣ ಘಟಕಗಳಿಂದ ಕೊಳ್ಳುವುದಾದರೆ ಇದನ್ನು ಕಡ್ಡಾಯವಾಗಿ ನೋಡಿ. ಅವರನ್ನು ಹೊರಗಿಡಲೆಂದು ಹೇಳುತ್ತಿಲ್ಲ. ಅವರಿಗೆ ಮಾರಿದ ಯಂತ್ರದ ಮಿತಿ ಅವರ ತಲೆಗೆ ಬರಬಾರದು ಎಂದಷ್ಟೇ. ತಿರುಳು ಬಿಡಿಸುವ ಗಿರಣಿಯ ಅಲಗು ಸವೆದರೆ ನಾರು ಬಿಡದೆ ಗಂಟು ಗಂಟಾಗಿ ಉಳಿಯುತ್ತದೆ, ಗಂಟು ಹೀರುವುದಿಲ್ಲ. ಅಲಗು ಬದಲಿಸುವ ಖರ್ಚನ್ನು ದರದಲ್ಲಿ ಸೇರಿಸಲು ಬಿಡಿ. ಇನ್ನು ಕೊನೆಯಲ್ಲಿ ಪ್ಯಾಡನ್ನು ನೀಲಿ ದೀಪದ ಪೆಟ್ಟಿಗೆಯಲ್ಲಿಟ್ಟು ‘ಸ್ಟೆರೈಲ್’ ಎಂದು ಮುದ್ರಿಸುವುದಿದೆ. ಅತಿನೇರಳೆ ಕಿರಣ ತಾಗಿದ ಮೇಲ್ಮೈಯನ್ನಷ್ಟೇ ಶುದ್ಧ ಮಾಡುತ್ತದೆ, ಒಡಲೊಳಗೆ ಹೋಗುವುದಿಲ್ಲ. ಕೈ, ಮೇಜು, ತಿರುಳಿನ ರೋಲು ಒಣಗಿ ಚೊಕ್ಕಟವಾಗಿರುವುದು ಆ ದೀಪಕ್ಕಿಂತ ದೊಡ್ಡದು.

ಅಂಟಿನ ವಿಷಯಕ್ಕೆ ಬಂದರೆ, ಕರ್ನಾಟಕದ ಎರಡು ಹವೆಗಳನ್ನು ನೆನಪಿಡಿ. ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ತಗಡಿನ ಮಾಡಿನ ಕೋಣೆಯಲ್ಲಿ ತಿಂಗಳುಗಟ್ಟಲೆ ಪೆಟ್ಟಿಗೆ ಮೇಲೆ ಪೆಟ್ಟಿಗೆ ಪೇರಿಸಿಟ್ಟರೆ ಕಾಯಿಸಿ ಕರಗಿಸಿ ಹಚ್ಚುವ ಹಾಟ್‌ಮೆಲ್ಟ್ ಅಂಟು ಮೆತ್ತಗಾಗಿ ಹರಿದು ತಳಹಾಳೆಯ ಅಂಚಿಗೆ ಬರುತ್ತದೆ. ಕಾಗದ ಎಳೆದರೆ ಹರಿಯುತ್ತದೆ, ಇಲ್ಲವೇ ಅಂಟು ಕಾಗದದ ಜೊತೆಗೇ ಹೋಗುತ್ತದೆ. ಕರಾವಳಿ, ಮಲೆನಾಡಿನ ಜುಲೈನಲ್ಲಿ ಬೇರೆ ಕಥೆ. ಬಿಡಿ ಹೊದಿಕೆ ಇಲ್ಲದ ಪ್ಯಾಡಿನ ಜೆಲ್ ಗಾಳಿಯ ತೇವವನ್ನೇ ಕುಡಿದು ಗಟ್ಟಿಯಾಗುತ್ತದೆ, ತಿರುಳಿಗೆ ಬೂಷ್ಟು ಹಿಡಿಯಬಹುದು. ಆದ್ದರಿಂದ ಪ್ರತಿ ಪ್ಯಾಡಿಗೂ ಬಿಡಿ ಹೊದಿಕೆ ಬೇಕು. 50 ಡಿಗ್ರಿಯ ಓವನ್‌ನಲ್ಲಿ ಏಳು ದಿನ ಇಟ್ಟ ಮೇಲೂ ಅಂಟು ಕೆಲಸ ಮಾಡಬೇಕೆಂದು ವಿಶೇಷಣದಲ್ಲಿ ಬರೆಯಿರಿ. ಆ ಪರೀಕ್ಷೆಯನ್ನು ಹೊಸ ಬಟ್ಟೆಯ ಮೇಲೆ ಮಾಡಬೇಡಿ, ಹತ್ತಾರು ಸಲ ಒಗೆದು ಸವೆದ ಹತ್ತಿ ಬಟ್ಟೆಯ ಮೇಲೆ ಮಾಡಿ. ಮಕ್ಕಳು ತೊಡುವುದು ಅದನ್ನೇ.

ಅಳತೆ, ಎಣಿಕೆ. ಹತ್ತು ವರ್ಷದ ಹುಡುಗಿಗೂ ಹದಿನೆಂಟರ ಹುಡುಗಿಗೂ ಒಂದೇ ಉದ್ದದ ಪ್ಯಾಡ್ ಹೊಂದುವುದಿಲ್ಲ. ರಾತ್ರಿ ಮಲಗುವಾಗ ದ್ರವ ಹಿಂದಕ್ಕೆ ಹರಿಯುವುದರಿಂದ 240 ಮಿಲಿಮೀಟರ್ ಸಾಲದು, 280 ಆದರೂ ಬೇಕು. ಎಲ್ಲ ಪ್ಯಾಡೂ ಒಂದೇ ಅಳತೆಯದಾಗಿರುವ ಬದಲು ಪೊಟ್ಟಣದಲ್ಲಿ ಮೂರನ್ನಾದರೂ ಉದ್ದದ್ದು ಮಾಡಿ. ಇನ್ನು ಒಬ್ಬಳಿಗೆ ತಿಂಗಳಿಗೆ ಹತ್ತು ಪ್ಯಾಡ್ ಎಂಬ ಯೋಜನೆಯ ಲೆಕ್ಕ. ಆರು ಗಂಟೆಗೊಮ್ಮೆ ಬದಲಿಸಿ ಎಂದು ಆರೋಗ್ಯ ಪಾಠದಲ್ಲಿ ಹೇಳುತ್ತೇವೆ. ಮೊದಲ ಎರಡು ದಿನಕ್ಕೇ ಎಂಟು ಬೇಕು, ಉಳಿದ ಮೂರು ದಿನಕ್ಕೆ ಎರಡು ಉಳಿಯುತ್ತವೆ. ಪಾಠವೂ ಪೊಟ್ಟಣವೂ ಒಂದನ್ನೊಂದು ಸುಳ್ಳು ಮಾಡುತ್ತಿವೆ.

‘ಜೈವಿಕವಾಗಿ ಕರಗುವ’ ಎಂಬ ಪದದ ಬಗ್ಗೆ ಎಚ್ಚರವಿರಲಿ ಎಂದು ವಿಶೇಷವಾಗಿ ಕೋರುತ್ತೇವೆ. ಕೇಂದ್ರದ ಜನೌಷಧಿ ಮಳಿಗೆಗಳಲ್ಲಿ 2019ರಿಂದ ಒಂದು ರೂಪಾಯಿಗೆ ಸಿಗುವ ಪ್ಯಾಡನ್ನು ‘ಆಕ್ಸೋ-ಬಯೋಡಿಗ್ರೇಡಬಲ್’ ಎಂದು ಕರೆಯಲಾಗಿದೆ. ದರದ ಬಗ್ಗೆ ನಮ್ಮ ಮೆಚ್ಚುಗೆಯಿದೆ, ಪದದ ಬಗ್ಗೆ ಇಲ್ಲ. ಆಕ್ಸೋ ಎಂದರೆ ಮಾಮೂಲಿ ಪಾಲಿಥೀನಿಗೆ ಕೋಬಾಲ್ಟ್, ಮ್ಯಾಂಗನೀಸ್, ಕಬ್ಬಿಣದಂಥ ಲೋಹದ ಲವಣ ಬೆರೆಸುವುದು. ಬಿಸಿಲು, ಶಾಖ, ಗಾಳಿ ತಾಗಿದರೆ ಹಾಳೆ ಪುಡಿಪುಡಿಯಾಗುತ್ತದೆ. ಪುಡಿಯಾಗುವುದು ಬೇರೆ, ಮಣ್ಣಾಗುವುದು ಬೇರೆ. ಗುಂಡಿಯಲ್ಲಿ ಹೂತ ಪ್ಯಾಡಿಗೆ ಬಿಸಿಲೂ ಇಲ್ಲ, ಗಾಳಿಯೂ ಕಡಿಮೆ. ಯುರೋಪಿನ ಒಕ್ಕೂಟ 2019ರ ನಿರ್ದೇಶನದಲ್ಲಿ ಆಕ್ಸೋ ಪ್ಲಾಸ್ಟಿಕ್‌ನ ಎಲ್ಲ ವಸ್ತುಗಳನ್ನೂ ನಿಷೇಧಿಸಿ 2021ರ ಜುಲೈನಿಂದ ಜಾರಿಗೆ ತಂದಿತು. ಅಲ್ಲಿ ಮಾರಲಾಗದ್ದು ಇಲ್ಲಿ ಹಸಿರು ಎಲೆಯ ಚಿತ್ರ ಹಾಕಿಕೊಂಡು ಬರಬಾರದು. ಮೆಕ್ಕೆಜೋಳ, ಕಬ್ಬಿನ ಸಕ್ಕರೆಯಿಂದ ಮಾಡುವ ಪಿಎಲ್‌ಎ ಹಾಳೆ ಇದಕ್ಕಿಂತ ಪ್ರಾಮಾಣಿಕವಾದದ್ದು. ಆದರೂ ಅದು ಕರಗುವುದು 58 ಡಿಗ್ರಿ ಆಸುಪಾಸಿನ ಕೈಗಾರಿಕಾ ಕಾಂಪೋಸ್ಟಿನಲ್ಲಿ, ಹಿತ್ತಲ ತಿಪ್ಪೆಯಲ್ಲಿ ಅಲ್ಲ. ಯಾರಾದರೂ ಈ ಪದ ಬಳಸಿದರೆ ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್‌ನ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 17088ರ ಪ್ರಕಾರ ಇಡೀ ಪ್ಯಾಡಿನ ವರದಿ ಕೇಳಿ. ಮೇಲ್ಪದರದ ವರದಿ ಕೊಟ್ಟು ಜೆಲ್, ಅಂಟು, ತಳಹಾಳೆಗಳನ್ನು ಮರೆಸುವ ಚಾಳಿಯಿದೆ. ವರದಿ ಇಲ್ಲದಿದ್ದರೆ ಪದ ತೆಗೆಸಿ. ಪ್ಲಾಸ್ಟಿಕ್ ಪ್ಯಾಡನ್ನು ಪ್ಲಾಸ್ಟಿಕ್ ಎಂದೇ ಕೊಟ್ಟರೆ ಅದನ್ನು ಸಂಗ್ರಹಿಸುವ ವ್ಯವಸ್ಥೆಯನ್ನಾದರೂ ಮಾಡುತ್ತೇವೆ.

ಆ ವ್ಯವಸ್ಥೆಯ ಹೆಸರಿನಲ್ಲಿ ಶಾಲೆಗಳ ಶೌಚಾಲಯದ ಗೋಡೆಗೆ ಸಣ್ಣ ವಿದ್ಯುತ್ ದಹನ ಪೆಟ್ಟಿಗೆ ಕೂರಿಸುವುದು ಬಂದಿದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಆಸ್ಪತ್ರೆ ಕಸ ಸುಡುವ ಕುಲುಮೆಗೆ ಮೊದಲ ಕೋಣೆಯಲ್ಲಿ ಕನಿಷ್ಠ 800 ಡಿಗ್ರಿ, ಎರಡನೆಯ ಕೋಣೆಯಲ್ಲಿ 1050 ಡಿಗ್ರಿ ಆಸುಪಾಸು, ಅಲ್ಲಿ ಹೊಗೆ ಎರಡು ಸೆಕೆಂಡಾದರೂ ನಿಲ್ಲಬೇಕು ಎನ್ನುತ್ತವೆ. ಗೋಡೆ ಪೆಟ್ಟಿಗೆಗೆ ಸಾಮಾನ್ಯವಾಗಿ ಎರಡನೆಯ ಕೋಣೆಯೇ ಇರುವುದಿಲ್ಲ. ಬಳಸಿದ ಪ್ಯಾಡ್ ಎಂದರೆ ನೀರು ಹಿಡಿದ ಜೆಲ್. ಸುಡುವ ಶಾಖವನ್ನೆಲ್ಲ ಮೊದಲು ಆ ನೀರೇ ಕುಡಿಯುತ್ತದೆ, ಉಳಿದ ಪ್ಲಾಸ್ಟಿಕ್ ಅರೆಬರೆ ಬೆಂದು ಹೊಗೆಯಾಗುತ್ತದೆ. ಇಂಥ ಹೊಗೆಯಲ್ಲಿ ಹುಟ್ಟುವ ಡಯಾಕ್ಸಿನ್ ಎಂಬ ವಿಷಕ್ಕೆ ಬೇಕಾದ ಕ್ಲೋರಿನ್ ಎಲ್ಲಿಂದ ಬರುತ್ತದೆ ಎಂದು ಕೇಳುವವರಿದ್ದಾರೆ, ರಕ್ತದಲ್ಲೇ ಉಪ್ಪಿದೆ. ತರಗತಿಯ ಕಿಟಕಿ ಎತ್ತರಕ್ಕೆ ಹೊಗೆ ಬಿಡುವ ಕೊಳವೆಗಳನ್ನು ನಿಲ್ಲಿಸಿ, ಪ್ಯಾಡುಗಳನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಸಂಗ್ರಹಿಸಿ ಆಸ್ಪತ್ರೆ ತ್ಯಾಜ್ಯದ ಸಾಮೂಹಿಕ ಘಟಕಕ್ಕೆ ಕಳಿಸುವ ಒಪ್ಪಂದ ಮಾಡಿಕೊಳ್ಳಿ. ಸುತ್ತಿ ಎಸೆಯಲು ಚೀಲವನ್ನು ತಯಾರಕರೇ ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳಲ್ಲೇ ಬರೆದಿತ್ತು. ಬಿಡಿ ಹೊದಿಕೆಯನ್ನೇ ಸ್ವಲ್ಪ ದೊಡ್ಡದು ಮಾಡಿ, ಒಂದು ಅಂಟುಪಟ್ಟಿ ಇಟ್ಟರೆ ಅದೇ ಚೀಲವಾಗುತ್ತದೆ. ಪೈಸೆಗಳ ಖರ್ಚು. ಪೌರಕಾರ್ಮಿಕರು ಪತ್ರಿಕೆಯಲ್ಲಿ ಸುತ್ತಿದ ಒದ್ದೆ ಪ್ಯಾಡನ್ನು ಬರಿಗೈಯಲ್ಲಿ ಹೆಕ್ಕುವುದು ತಪ್ಪುತ್ತದೆ. ಶೌಚಗುಂಡಿಗೆ ಎಸೆಯಬಾರದು ಎಂಬುದನ್ನು ಹೊದಿಕೆಯ ಮೇಲೆ ಚಿತ್ರದಲ್ಲಿ ಮುದ್ರಿಸಿ. ಗುಂಡಿಯ ನೀರಿನಲ್ಲಿ ಜೆಲ್ ಉಬ್ಬಿ ಕೊಳವೆ ಕಟ್ಟಿದರೆ ಇಡೀ ಶಾಲೆಯ ಶೌಚಾಲಯ ಮುಚ್ಚುತ್ತದೆ. ಆಗ ಪ್ಯಾಡ್ ಬದಲಿಸಲು ಇದ್ದ ಒಂದು ಜಾಗವೂ ಹೋಯಿತು.

ಸುಗಂಧ ಬೇಡ, ಚರ್ಮದ ಪಕ್ಕ ಬಣ್ಣದ ಮುದ್ರಣ ಬೇಡ, ಬೆಳ್ಳಗೆ ಹೊಳೆಯಿಸುವ ರಾಸಾಯನಿಕ ಬೇಡ. ಕೊನೆಯದನ್ನು ಕತ್ತಲೆಯಲ್ಲಿ ನೋಟು ಪರೀಕ್ಷಿಸುವ ನೀಲಿ ದೀಪ ಹಿಡಿದರೆ ನೀವೇ ನೋಡಬಹುದು, ಪ್ಯಾಡ್ ಹೊಳೆಯುತ್ತದೆ. ದೆಹಲಿಯ ಟಾಕ್ಸಿಕ್ಸ್ ಲಿಂಕ್ ಸಂಸ್ಥೆ 2022ರಲ್ಲಿ ಮಾರುಕಟ್ಟೆಯ ಪ್ಯಾಡುಗಳಲ್ಲಿ ಪ್ಲಾಸ್ಟಿಕ್ ಮೆದುಗೊಳಿಸಲು ಬಳಸುವ ಥಾಲೇಟ್ ಮತ್ತು ಸುಲಭವಾಗಿ ಆವಿಯಾಗುವ ಸಾವಯವ ರಾಸಾಯನಿಕಗಳು ಸಿಕ್ಕವೆಂದು ವರದಿ ಮಾಡಿತ್ತು. ಎರಡಕ್ಕೂ ಪರೀಕ್ಷಾ ವರದಿ ಕೇಳಿ. ಪದರವಾರು ಯಾವ ವಸ್ತು, ಚದರ ಮೀಟರಿಗೆ ಎಷ್ಟು ಗ್ರಾಂ ಎಂಬ ಪಟ್ಟಿಯನ್ನು ಪೊಟ್ಟಣದ ಮೇಲೆ ಕನ್ನಡದಲ್ಲಿ ಮುದ್ರಿಸಬೇಕೆಂಬ ಷರತ್ತು ಹಾಕಿ. ಬಿಸ್ಕತ್ತಿಗೆ ಇರುವ ನಿಯಮ ದಿನವಿಡೀ ಮೈಗೆ ತಾಗಿರುವ ವಸ್ತುವಿಗೆ ಇಲ್ಲದಿರುವುದು ವಿಚಿತ್ರವೇ.

ಮುಟ್ಟಿನ ಕಪ್ ಕೊಡುತ್ತೇವಲ್ಲ, ಪ್ಯಾಡಿನ ಗೊಡವೆ ಇನ್ನೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಕಪ್ ಒಳ್ಳೆಯದೇ. ಆದರೆ ಅದಕ್ಕೆ ತೊಳೆಯಲು ನೀರು, ಬಾಗಿಲು ಮುಚ್ಚುವ ಕೋಣೆ, ಕುದಿಸಲು ಪಾತ್ರೆ, ಒಪ್ಪುವ ಮನೆಯವರು ಬೇಕು. ಮೊದಲ ಮುಟ್ಟಿನ ಹುಡುಗಿಯರಲ್ಲಿ ಹೆಚ್ಚಿನವರು ಇನ್ನೂ ಕೆಲವು ವರ್ಷ ಪ್ಯಾಡನ್ನೇ ಬಳಸುತ್ತಾರೆ.

ಹೀಗಾಗಿ ನಮ್ಮ ಕೋರಿಕೆ: ಮುಂದಿನ ಟೆಂಡರ್‌ನಲ್ಲಿ ಕನಿಷ್ಠ ತೂಕದ ಸಾಲನ್ನು ತೆಗೆದು ಅದರ ಜಾಗದಲ್ಲಿ ಮೂರನೆಯ ಸಲದ ಇಳಿಯುವ ಸಮಯ, ಐದು ಕೆ.ಜಿ. ಭಾರದಲ್ಲಿ ಮರುತೇವ, ಒದ್ದೆ ಒಡಲಿನ ಬಿಗಿ, ಬಿಸಿಯಲ್ಲಿಟ್ಟ ಮೇಲಿನ ಅಂಟು, ಈ ನಾಲ್ಕನ್ನು ಸೇರಿಸಿ. ಈ ನಾಲ್ಕರಲ್ಲಿ ಗೆದ್ದವರ ದರವನ್ನಷ್ಟೇ ತೆರೆಯಿರಿ. ಸರಕು ಬಂದಾಗ ಪ್ರತಿ ತಂಡದಿಂದ ಗುತ್ತಿಗೆದಾರರು ಆರಿಸದ, ನೀವೇ ಆರಿಸಿದ ಹತ್ತು ಪೊಟ್ಟಣ ಒಡೆದು ಪರೀಕ್ಷಿಸಿ. ಫಲಿತಾಂಶವನ್ನು ತಂಡದ ಸಂಖ್ಯೆಯೊಂದಿಗೆ ಇಲಾಖೆಯ ಜಾಲತಾಣದಲ್ಲಿ ಹಾಕಿ, ಶಾಲೆಯ ಶಿಕ್ಷಕಿ ತನ್ನ ಕೈಲಿರುವ ಪೊಟ್ಟಣದ ಸಂಖ್ಯೆಯನ್ನು ಅದರೊಂದಿಗೆ ಹೋಲಿಸಿ ನೋಡುವಂತಿರಲಿ. ಬೇಕಾಗುವ ಸಲಕರಣೆ: ಗ್ರಾಮಿನ ನೂರನೆಯ ಒಂದು ಭಾಗವನ್ನೂ ತೂಗುವ ತಕ್ಕಡಿ, ಸಿರಿಂಜು, ಕೊಳವೆ, ಫಿಲ್ಟರ್ ಕಾಗದ, ಐದು ಕೆ.ಜಿ. ಬಟ್ಟು, ಗಡಿಯಾರ, ಒಂದು ಕತ್ತರಿ.

ಇಂತಿ ತಮ್ಮ ವಿಶ್ವಾಸಿಗಳು,
ಹೀರುವ ವಸ್ತುಗಳ ತಯಾರಿಕೆ ಮತ್ತು ಪರೀಕ್ಷೆಯಲ್ಲಿ ತೊಡಗಿರುವ ಕೆಲವರು